ಹಾಜರಿಗಾಗಿ ಆಡಿದ ಅಮೆರಿಕನ್ ಫುಟ್‌ಬಾಲ್

ಬಿ.ಎ. ಎರಡನೇ ವರ್ಷದಲ್ಲಿ ನನ್ನ ಹಾಜರಿ ಕಡಿಮೆ ಬಿದ್ದಿತ್ತು. ಬನಹಟ್ಟಿಯಿಂದ ಜಮಖಂಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುವವನು ನಾನು. ಬೆಳಿಗ್ಗೆ ಎದ್ದು ಮನೆಯ ನಾಲ್ಕು ಪಾವರ್‌ಲೂಮ್‌ಗಳಲ್ಲಿ ಎರಡನ್ನು ನಡೆಸಿ, ಅಪ್ಪ ಬಂದು ನಿಂತ ಮೇಲೆ ಸ್ನಾನ ಮಾಡಿ ಓಡಬೇಕು. ನಾನು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಎರಡು ತಾಸು ಮುಗಿದಿರುತ್ತಿದ್ದವು. ಹಾಜರಿ ಇಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ ಎಂದು ಕಾಲೇಜಿನವರು ಹೇಳಿದ್ದನ್ನು ಮನೆಯಲ್ಲಿ ಹೇಳಿದೆ. ಅಪ್ಪ ಕೈಯಲ್ಲಿದ್ದ ನೂಲಿನ ಬಾಬಿನ್ ಕೆಳಗಿಡದೆ ಅಂದ: "ಪರೀಕ್ಷಾಕ್ಕ ಕೂಡಸಲಿಲ್ಲಂದ್ರ ಮುಗೀತು. ಕಾಲೇಜು ಸಾಕು, ಮಗ್ಗಕ್ಕ ಬಾ." ಹಾಜರಿ ಯಾರಿಂದ ಕಡಿಮೆಯಾಯಿತು ಎಂದು ಕೇಳುವ ಸಿಟ್ಟು ನಾಲಿಗೆಯ ತುದಿಗೆ ಬಂದಿತ್ತು.

ಉಳಿದ ದಾರಿ ಒಂದೇ. ಆಟದಲ್ಲಿ ಮುಂದಿನ ಸುತ್ತಿಗೆ ಹೋದವರಿಗೆ ಅಭ್ಯಾಸದ ದಿನಗಳನ್ನೂ ಹಾಜರಿಗೆ ಹಿಡಿಯುತ್ತಿದ್ದರು. ನಾನು ಐದನೇ ಇಯತ್ತೆಯಿಂದ ಕಬಡ್ಡಿ ಆಡಿದವನು, ರೇಡ್ ಮಾಡುವುದು ನನ್ನ ಕೆಲಸ. ಆದರೆ ಕಾಲೇಜಿನ ಕಬಡ್ಡಿ ಟೀಮು ಆಗಲೇ ತುಂಬಿತ್ತು. ಪಿ.ಟಿ. ಸರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಈ ವರ್ಷ ಅಮೆರಿಕನ್ ಫುಟ್‌ಬಾಲ್ ಅಂತ ಒಂದು ಹೊಸದು ಬಂದಿದೆ, ಬೇಕಾದರೆ ಸೇರಿಕೋ ಎಂದರು. ಅದೆಂಥ ಆಟ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂದ ಹಾಗೆ, ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿದ್ದ ಅವರೇ ನಮ್ಮ ಕೋಚ್ ಆದರು.

ಕಬಡ್ಡಿಯಲ್ಲಿ ಉಳಿದವರು, ಗುಂಡು ಎಸೆಯುವ ಇಬ್ಬರು, ಹಿಪ್ಪರಗಿಯಿಂದ ಬರುತ್ತಿದ್ದ ಒಬ್ಬ ದೈತ್ಯ, ಹೀಗೆ ಹನ್ನೊಂದು ಜನ ಕೂಡಿದೆವು. ಹಿಪ್ಪರಗಿಯವನು ಒಮ್ಮೆ ಹಿಡಿದರೆ ಬಿಡುವ ಪೈಕಿ ಅಲ್ಲ. ಚೆಂಡು ಬಂತು. ಸುಲಿಯದ ತೆಂಗಿನಕಾಯಿಯ ಹಾಗೆ ಎರಡೂ ಕಡೆ ಚೂಪು. ಇದನ್ನು ಒದೆಯುವುದಕ್ಕಿಂತ ಹೆಚ್ಚು ಕೈಯಲ್ಲಿ ಹಿಡಿದು ಓಡಬೇಕಂತೆ. ಹಾಗಾದರೆ ಫುಟ್‌ಬಾಲ್ ಎಂದು ಯಾಕೆ ಕರೆಯಬೇಕು ಎಂದು ಕೇಳಿದ್ದಕ್ಕೆ ಸರ್, ತಲೆ ತಿನ್ನಬೇಡ ಅಂದರು. ಹೆಲ್ಮೆಟ್ ನಾಲ್ಕೇ ಬಂದಿದ್ದವು. ಯಾರ ತಲೆಗೆ ಹೊಂದುತ್ತವೋ ಅವರು ಹಾಕಿಕೊಂಡರು.

ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಇದೊಂದು ನಿಯಮ ಮಾತ್ರ ನನಗೆ ಥಟ್ಟನೆ ತಿಳಿಯಿತು. ನೇಕಾರರ ಮನೆಯವನಿಗೆ ಗಜದ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯ ಗಜಕಡ್ಡಿಯಿಂದ ಅಳೆದು ಹತ್ತು ಗಜದ ಹಗ್ಗ ಕತ್ತರಿಸಿ ಒಯ್ದುಕೊಟ್ಟೆ. ಇಡೀ ಸೀಸನ್ನಿನಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ.

ಮೊದಲ ಪಂದ್ಯ ಮುಧೋಳದಲ್ಲಿ. ಕರಿಮಣ್ಣಿನ ಮೈದಾನ, ಅರ್ಧ ಗೆರೆ ಅಳಿಸಿಹೋಗಿತ್ತು. ರೆಫರಿ ಪ್ರತಿ ಸಲ ಸೀಟಿ ಊದಿ, ಕಿಸೆಯಿಂದ ನಿಯಮದ ಹಾಳೆ ತೆಗೆದು ಓದುತ್ತಿದ್ದ. ನಾವು ಅಲ್ಲಿಯವರೆಗೆ ನೆಲದ ಮೇಲೆ ಕೂತಿರುತ್ತಿದ್ದೆವು. ನಮ್ಮ ಹಗ್ಗ ಎಳೆದರೆ ಹಿಗ್ಗುತ್ತದೆ ಎಂದು ಮುಧೋಳದವರು ಜಗಳ ತೆಗೆದರು. ಕೊನೆಗೆ ಎರಡೂ ಟೀಮಿನವರು ಗೆದ್ದೆವೆಂದು ಕುಣಿದೆವು. ಬರುವ ದಾರಿಯಲ್ಲಿ ಇಳಿದು ಮಿರ್ಚಿ ತಿಂದು ಚಹಾ ಕುಡಿದು ಸಂಭ್ರಮಪಟ್ಟೂ ಆಯಿತು. ಮರುದಿನ ಸರ್ ಫೋನ್ ಮಾಡಿ ವಿಚಾರಿಸಿದಾಗ ನಾವು ಸೋತಿದ್ದೆವು. ಯಾಕೆ ಸೋತೆವು ಎಂಬುದು ಅವರಿಗೂ ಅರ್ಥವಾಗಿರಲಿಲ್ಲ.

ಎರಡನೆಯದು ಬೀಳಗಿಯಲ್ಲಿ. ಹಿಪ್ಪರಗಿಯವನು ಅಲ್ಲಿ ಒಬ್ಬ ಹುಡುಗನನ್ನು ಹಿಡಿದು, ಸೀಟಿ ಊದಿದ ಮೇಲೂ ಬಿಡಲಿಲ್ಲ. ಕಬಡ್ಡಿಯಲ್ಲಿ ಕೈಗೆ ಸಿಕ್ಕವನು ಜಾರಿ ನಡುಗೆರೆ ಮುಟ್ಟಿದರೆ ಎಲ್ಲ ಕೆಟ್ಟಿತಲ್ಲ, ಆ ಭಯ ಅವನಿಗೆ. ಬೀಳಗಿಯವರು ಹೆದರಿ ಅವನಿದ್ದ ಕಡೆ ಬರುವುದನ್ನೇ ಬಿಟ್ಟರು. ಆ ಪಂದ್ಯ ಗೆದ್ದೆವು. ಇದ್ದದ್ದೇ ಮೂರು ಟೀಮು, ಹಾಗಾಗಿ ಕೊನೆಯ ಪಂದ್ಯ ಮತ್ತೆ ಮುಧೋಳದವರ ಮೇಲೆ, ನಮ್ಮದೇ ಜಮಖಂಡಿ ಮೈದಾನದಲ್ಲಿ. ಗೆದ್ದವರು ಮುಂದಿನ ಸುತ್ತಿಗೆ. ನನ್ನ ಮಟ್ಟಿಗೆ ಅಂದರೆ ಹಾಲ್ ಟಿಕೆಟ್ಟಿಗೆ.

ಆ ದಿನ ಬನಹಟ್ಟಿಯಲ್ಲಿ ಲೈನ್ ಕೆಲಸಕ್ಕೆಂದು ಕರೆಂಟು ತೆಗೆದಿದ್ದರು. ಮಗ್ಗ ನಿಂತರೆ ಅಪ್ಪನಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ನನಗೆ ಹೇಳದೆ ಬಸ್ಸು ಹತ್ತಿ ಬಂದಿದ್ದ. ಬಿಳಿ ಟೊಪ್ಪಿಗೆ ಹಾಕಿಕೊಂಡು ನಮ್ಮ ಕಡೆಯ ಕೊನೆಯ ಗೆರೆಯಾಚೆ ಬೇವಿನ ಮರದ ಕೆಳಗೆ ನಿಂತದ್ದನ್ನು ಆಟ ಸುರುವಾದ ಮೇಲೆ ಕಂಡೆ. ಅವನು ನನ್ನ ಆಟ ಯಾವುದನ್ನೂ ಅಲ್ಲಿಯವರೆಗೆ ನೋಡಿರಲಿಲ್ಲ.

ಆಟ ಮುಗಿಯುತ್ತ ಬಂದಾಗ ನಾವು ಒಂದೇ ಒಂದು ಅಂಕ ಮುಂದಿದ್ದೆವು. ಚೆಂಡು ಅವರ ಕೈಯಲ್ಲಿತ್ತು. ಹಿಪ್ಪರಗಿಯವನು ಒಬ್ಬನನ್ನು ಕೆಡವಿದ, ಚೆಂಡು ಕೈಜಾರಿ ಉರುಳಿತು. ನಾನು ಅವರ ಗುಂಪಿನೊಳಗೆ ನುಗ್ಗಿ ಅದನ್ನು ಬಾಚಿಕೊಂಡೆ. ಮುಂದೆ ಒಬ್ಬನೂ ಇರಲಿಲ್ಲ. ನೇರ ಓಡಿ ಅವರ ಗೆರೆ ದಾಟಿದ್ದರೆ ಆರು ಅಂಕ. ಸುಮ್ಮನೆ ಅಲ್ಲೇ ಬಿದ್ದುಕೊಂಡಿದ್ದರೂ ಸಾಕಿತ್ತು.

ನಾನು ಹಿಂದಕ್ಕೆ ತಿರುಗಿದೆ. ಹತ್ತು ವರ್ಷ ಕಬಡ್ಡಿ ಆಡಿದ ಕಾಲುಗಳು. ಎದುರಿನವರ ಅಂಕಣಕ್ಕೆ ಹೋಗು, ಕೆಲಸ ಮುಗಿಸು, ಉಸಿರು ಬಿಡದೆ ನಿನ್ನ ಕಡೆಗೆ ಓಡಿ ಬಾ. ಬಂದು ಮುಟ್ಟಿದರೆ ಮಾತ್ರ ಅಂಕ. ಮುಧೋಳದವರು ಬೆನ್ನು ಹತ್ತಿದರು, ನಮ್ಮವರೂ ಕೂಗುತ್ತ ಬೆನ್ನು ಹತ್ತಿದರು. ನಮ್ಮವರು ಯಾಕೆ ಹಿಡಿಯಲು ಬರುತ್ತಿದ್ದಾರೆ ಎಂದು ತಿಳಿಯಲಿಲ್ಲ. ಇಬ್ಬರಿಗೂ ಸಿಗದೆ ನಮ್ಮ ಗೆರೆ ದಾಟಿ ಬೋರಲಾಗಿ ಬಿದ್ದೆ. ಮೇಲೆ ಮುಧೋಳದವರು ಬಿದ್ದರು. ಬೇವಿನ ಮರದ ಕೆಳಗೆ ಅಪ್ಪ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ರೆಫರಿ ಹಾಳೆ ತೆಗೆದು ಓದಿದ. ಚೆಂಡನ್ನು ತಾನೇ ಒಯ್ದು ತನ್ನ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಿನವರಿಗೆ ಎರಡು ಅಂಕ. ಒಂದು ಅಂಕದಿಂದ ಸೋತೆವು. ಹಿಪ್ಪರಗಿಯವನು ನನ್ನನ್ನು ಅಂಗಿಯ ಕೊರಳಪಟ್ಟಿ ಹಿಡಿದು ಎತ್ತಿ, ಹಲ್ಲು ಕಚ್ಚಿ ಬೈದ. ದೂರದಿಂದ ಅಪ್ಪನಿಗೆ ಅದು ಗೆದ್ದವನನ್ನು ಎತ್ತಿ ಕುಣಿಸಿದ ಹಾಗೆ ಕಂಡಿತು. ಮನೆಗೆ ಮರಳುವಾಗ ಬಸ್ಸಿನಲ್ಲಿ ಅಪ್ಪ, ಅಷ್ಟು ಜನ ಬೆನ್ನು ಹತ್ತಿದರೂ ನನ್ನ ಮಗ ಒಬ್ಬನಿಗೂ ಸಿಗಲಿಲ್ಲವಲ್ಲ ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿದ. ನಾನು ಅವನನ್ನು ತಿದ್ದಲಿಲ್ಲ. ಓಣಿಯಲ್ಲೂ ಹೇಳಿಕೊಂಡು ತಿರುಗಿದ. ಎರಡು ವಾರ ನಾನು ಆ ಸುಳ್ಳಿನೊಳಗೆ ತಲೆ ತಗ್ಗಿಸಿಕೊಂಡು ಮಗ್ಗ ನಡೆಸಿದೆ. ನನ್ನ ಬಗ್ಗೆ ನನಗೇ ಅಸಹ್ಯವಾಗಿತ್ತು. ಆದರೂ ಅಪ್ಪ ನನ್ನ ಬಗ್ಗೆ ಮಾತಾಡುವುದನ್ನು ಕೇಳಲು ಖುಷಿಯಾಗುತ್ತಿತ್ತು, ಅದೂ ಸುಳ್ಳಲ್ಲ.

ಪರೀಕ್ಷೆಗೆ ಕೂರುವವರ ಪಟ್ಟಿ ಹಚ್ಚಿದರು. ನನ್ನ ಹೆಸರು ಇರಲಿಲ್ಲ. ಮನೆಗೆ ಬಂದು ಅಷ್ಟನ್ನೇ ಹೇಳಿದೆ. ಅಪ್ಪನ ಮುಖ ಕೆಂಪಾಯಿತು, ಆದರೆ ಸಿಟ್ಟು ನನ್ನ ಮೇಲಲ್ಲ. ಮಗ್ಗ ಬಂದ್ ಮಾಡಿ, ತೊಳೆದ ಅಂಗಿ ಹಾಕಿಕೊಂಡು, ಪ್ರಿನ್ಸಿಪಾಲರನ್ನು ಕೇಳಿಯೇ ಬರುತ್ತೇನೆ, ಗೆದ್ದ ಹುಡುಗನಿಗೆ ಹಿಂಗ ಮಾಡ್ತಾರೇನು ಎನ್ನುತ್ತ ಬಸ್ ಸ್ಟ್ಯಾಂಡಿನ ಕಡೆ ಹೊರಟ. ನಾನು ಹಿಂದಿಂದೆ ಓಡಿದೆ. ಅಲ್ಲಿ ಹೋಗಿ ನಾಲ್ಕು ಜನರ ಮುಂದೆ ಅವನು ನಗೆಪಾಟಲಾಗುವುದು ನನಗೆ ಬೇಡವಾಗಿತ್ತು.

"ಅಪ್ಪಾ, ನಾವು ಗೆದ್ದಿಲ್ಲ," ಅಂದೆ. "ನಾ ಉಲ್ಟಾ ಓಡಿದ್ನಿ. ನನ್ನಿಂದನ ಸೋತಿವಿ."

ಜಮಖಂಡಿ ಬಸ್ಸು ಬಂದು ನಿಂತಿತು. ಜನ ಹತ್ತಿದರು, ಬಸ್ಸು ಹೋಯಿತು. ಅಪ್ಪ ನಿಂತಲ್ಲೇ ಇದ್ದ.

"ಮತ್ತ ನಾ ಯಾಕ ಚಪ್ಪಾಳಿ ಬಡದ್ನಿ?" ಎಂದು ಕೇಳಿದ. ಅವನು ನನ್ನನ್ನೇ ಕೇಳಿದನೋ ತನ್ನನ್ನು ತಾನೇ ಕೇಳಿಕೊಂಡನೋ ತಿಳಿಯಲಿಲ್ಲ. ಟೊಪ್ಪಿಗೆ ತೆಗೆದು, ಝಾಡಿಸಿ, ಮತ್ತೆ ಹಾಕಿಕೊಂಡ.

"ಮುಂದಿನ ವರ್ಷ ಆಡೂ ಮುಂದ, ಯಾವ ಕಡೆ ಓಡಬೇಕಂತ ಮೊದಲ ಕೇಳಿಕೋ," ಅಂದ.

ಅಷ್ಟು ಹೇಳಿ ಮನೆಯ ದಾರಿ ಹಿಡಿದ. ಕಾಲೇಜು ಬಿಡು ಎಂಬ ಮಾತು ಬರುತ್ತದೆಂದು ನಾನು ಕಾಯುತ್ತಲೇ ಅವನ ಹಿಂದೆ ನಡೆದೆ. ಓಣಿ ಬಂತು, ಮನೆ ಬಂತು, ಅವನು ಹೋಗಿ ಮಗ್ಗ ಹಚ್ಚಿದ. ಮುಂದಿನ ವರ್ಷ ಎಂದದ್ದು ಖರೆಯೇ ಎಂದು ಕೇಳುವ ಧೈರ್ಯವಾಗದೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ.