ಇ. ಎಚ್. ಅಚ್ಚುಹಾಕಿದ ಪುಸ್ತಕ

ಹ್ಯೂಸ್ಟನ್ನಿನ ಮಗ್ಗುಲ ಸೈಪ್ರೆಸ್ಸಿನ ನಮ್ಮ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಯುಗಾದಿಯ ಪಾಟ್‌ಲಕ್ ಮುಗಿದ ಮರುದಿನ ಯಾರದೋ ಒಂದು ಸ್ಟೀಲ್ ಡಬ್ಬಿ ಅನಾಥವಾಗಿ ಉಳಿದುಬಿಡುವುದು ಈಗ ಹಬ್ಬದ ವಿಧಿಗಳಲ್ಲೇ ಒಂದಾಗಿದೆ. ಈ ಸಲ ಉಳಿದದ್ದು ಚಿತ್ರಾನ್ನದ ಡಬ್ಬಿ. ಅದರ ಬುಡದಲ್ಲಿ ಊರಿನ ಪಾತ್ರೆ ಅಂಗಡಿಯವನು ಚುಕ್ಕಿಚುಕ್ಕಿಯಾಗಿ ಕೊರೆದ ‘ಎಸ್. ಕೆ.’ ಎಂಬ ಎರಡೇ ಅಕ್ಷರ. ನಮ್ಮ ಬಳಗದಲ್ಲಿ ಎಸ್. ಕೆ.ಗಳು ನಾಲ್ವರು. ನಾಲ್ವರಿಗೂ ಫೋನಾಯಿಸಿದೆ. ಮೂವರು ಸ್ಪಷ್ಟವಾಗಿ ನಿರಾಕರಿಸಿದರು. ನಾಲ್ಕನೆಯವರು ಮಾತ್ರ, ಡಬ್ಬಿ ದೊಡ್ಡದಿದ್ದರೆ ತಮ್ಮದೇ ಇರಬಹುದೆಂದು ಆಶಾವಾದ ಪ್ರಕಟಿಸಿದರು. ಕೊನೆಗೆ ಅದು ಫುಲ್‌ಶೀರ್‌ನ ಡಾಕ್ಟರಮ್ಮ ತಂದದ್ದೆಂದು ತಿಳಿಯಿತು. ಅವರ ಹೆಸರಿನಲ್ಲಿ ಎಸ್ಸೂ ಇಲ್ಲ, ಕೆಯೂ ಇಲ್ಲ. ಡಬ್ಬಿ ಅವರ ಅತ್ತೆಯ ಅಕ್ಕನದಂತೆ. ಎಂದೋ ಬೇಸನ್ ಉಂಡಿ ತುಂಬಿಕೊಂಡು ಬಂದದ್ದು ಮರಳಿ ಹೋಗಿರಲೇ ಇಲ್ಲ.

ಒಂದು ಡಬ್ಬಿಯ ಪತ್ತೇದಾರಿಕೆಗೇ ನಾನು ಸುಸ್ತಾದೆ. ನನ್ನ ಮಗಳು ಅನಘಾ ಇದನ್ನೇ ವೃತ್ತಿಯಾಗಿ ಸ್ವೀಕರಿಸಿದ್ದಾಳೆ. ಆಸ್ಟಿನ್ನಿನಲ್ಲಿ ಅವಳು ಸಂಶೋಧನ ವಿದ್ಯಾರ್ಥಿನಿ. ಸುಮಾರು ನಾನೂರು ವರ್ಷಗಳ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಬರೀ ಇನಿಷಿಯಲ್ ಹಾಕಿ ಮರೆಯಾದ ಲೇಖಕರನ್ನೂ ಮುದ್ರಕರನ್ನೂ ಹುಡುಕಿ ಹೆಸರು ಹಿಡಿದು ಕರೆಯುವುದು ಅವಳ ಕೆಲಸ. ಆ ಮಹನೀಯರು ಹೆಸರು ಮುಚ್ಚಿಟ್ಟದ್ದಕ್ಕೆ ರಾಜಭಯ, ಸಂಕೋಚ, ಪುಟದಲ್ಲಿ ಜಾಗದ ಅಭಾವ ಹೀಗೆ ನಾನಾ ಕಾರಣಗಳಿದ್ದವಂತೆ. ‘ನನ್ನನ್ನು ಅರಿಯದವರು ಯಾರು’ ಎಂಬ ಗತ್ತೂ ಇದ್ದಿರಬೇಕೆಂದು ನನ್ನ ಗುಮಾನಿ. ಮಕ್ಕಳೆಲ್ಲ ಡಾಕ್ಟರು, ಎಂಜಿನಿಯರುಗಳಾದ ನಮ್ಮ ಬಳಗದಲ್ಲಿ ಇದನ್ನು ವಿವರಿಸುವುದು ಕಷ್ಟ. ಕ್ಲಿಯರ್ ಲೇಕಿನ ಒಬ್ಬ ಗೆಳೆಯರು ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಅದಿರ್ಲಿ, ಓದು ಮುಗಿದ್ಮೇಲೆ ಏನ್ ಮಾಡ್ತಾಳೆ?” ಎಂದಿದ್ದರು.

ನಾನೂ ಒಮ್ಮೆ ಉಚಿತ ಸಲಹೆ ಕೊಡಲು ಹೋಗಿದ್ದೆ. ಮೈಸೂರಿನವರ ಪ್ರಕಾರ ಮೊದಲಕ್ಷರ ಊರಿನದು, ಎರಡನೆಯದು ತಂದೆಯದು. ನಮ್ಮ ಹುಬ್ಬಳ್ಳಿಯ ಕಡೆ ಮೊದಲು ಸ್ವಂತ ಹೆಸರು, ನಡುವೆ ತಂದೆಯದು, ಕೊನೆಗೆ ಮನೆತನ. ಇಂಗ್ಲಿಷರು ಈ ವಿಷಯದಲ್ಲಿ ಹುಬ್ಬಳ್ಳಿಯ ಸಂಪ್ರದಾಯದವರೆಂದು ಮಗಳಿಂದ ತಿಳಿದು ನನಗೆ ಅಕಾರಣವಾದ ಹೆಮ್ಮೆಯುಂಟಾಯಿತು.

ಅವಳ ಪ್ರಬಂಧದ ಜೀವಾಳ ಒಂದು ಚಿಕ್ಕ ಮನೆಮದ್ದಿನ ಪುಸ್ತಕ. ಮೊದಲ ಪುಟದ ಬುಡದಲ್ಲಿ ‘ಇ. ಎಚ್. ಅಚ್ಚುಹಾಕಿದ್ದು’ ಎಂದಷ್ಟೇ ಇದೆ. ಗ್ರಂಥಾಲಯಗಳ ಪಟ್ಟಿಗಳೆಲ್ಲ ಅದನ್ನು ಎಡ್ವರ್ಡ್ ಹಾಬಿನ್ ಎಂಬ ಮುದ್ರಕನ ತಲೆಗೆ ಕಟ್ಟಿದ್ದವು. ಅನಘಾಳ ವಾದವೇ ಬೇರೆ: ಅದು ಎಲನರ್ ಹ್ಯಾಲ್ಕಟ್ ಎಂಬ ವಿಧವೆಯ ಕೆಲಸ; ಗಂಡ ಸತ್ತ ಮೇಲೆ ಪ್ರೆಸ್ಸು ನಡೆಸಿದ ಆ ಹೆಂಗಸು ಒಂದೇ ಒಂದು ಪ್ರಾರ್ಥನಾ ಪುಸ್ತಕದ ಮೇಲೆ ಪೂರ್ತಿ ಹೆಸರು ಹಾಕಿದ್ದಾಳೆ. ಎರಡು ಪುಸ್ತಕಗಳಲ್ಲೂ ಒಂದೇ ಹೂಕುಂಡದ ಅಲಂಕಾರಚಿತ್ರವಿತ್ತು, ಎರಡರಲ್ಲೂ ಕುಂಡದ ಎಡಹಿಡಿ ಒಡೆದಿತ್ತು. ಮೂರು ವಾರಗಳಲ್ಲಿ ಡಾಲಸ್ಸಿನ ವಿದ್ವತ್ಸಭೆಯಲ್ಲಿ ಅವಳು ಇದನ್ನು ಮಂಡಿಸಬೇಕಿತ್ತು. ಅಲ್ಲಿ ವಾದ ನಿಂತರೆ ಪ್ರಬಂಧ ನಿಲ್ಲುತ್ತದೆ, ಬಿದ್ದರೆ ಎರಡು ವರ್ಷದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ವಾರಾಂತ್ಯಕ್ಕೆ ಮನೆಗೆ ಬಂದವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಎರಡು ಹೂಕುಂಡಗಳನ್ನು ಅಕ್ಕಪಕ್ಕ ತೋರಿಸಿದಳು. ಮೆಚ್ಚಿ ಸುಮ್ಮನಿರುವುದು ತಂದೆಯ ಧರ್ಮ. ಆದರೆ ನಾನು ಪ್ರೆಸ್ಸಿನಲ್ಲಿ ಬೆಳೆದವನು. ಹುಬ್ಬಳ್ಳಿಯ ಒಂದು ಓಣಿಯಲ್ಲಿ ನಮ್ಮಪ್ಪನದು ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮಷಿನ್ನಿನ ಪುಟ್ಟ ಪ್ರೆಸ್ಸು. ಚಿತ್ರ ಅಚ್ಚೊತ್ತಲು ನಮ್ಮಲ್ಲಿದ್ದ ಗಣಪತಿಯ ಬ್ಲಾಕಿಗೆ ಸೊಂಡಿಲ ತುದಿ ಮುಕ್ಕಾಗಿತ್ತು, ಆದರೂ ಲಗ್ನಸರಾಯಿಯಲ್ಲಿ ಅದು ಓಣಿಯ ಮೂರು ಪ್ರೆಸ್ಸುಗಳಿಗೂ ಎರವಲು ಹೋಗುತ್ತಿತ್ತು. ಇಡೀ ಪೇಟೆಯ ಮದುವೆ ಪತ್ರಿಕೆಗಳಲ್ಲಿ ಮುಕ್ಕು ಸೊಂಡಿಲಿನ ಒಬ್ಬನೇ ಗಣಪತಿ ಕುಳಿತಿರುತ್ತಿದ್ದ. ಇದನ್ನೆಲ್ಲ ನಾನು ರಸವತ್ತಾಗಿ ವರ್ಣಿಸಿ, ಹೂಕುಂಡವನ್ನೂ ಯಾರೋ ಎರವಲು ತಂದಿರಬಹುದಲ್ಲವೇ ಎಂದು ನಕ್ಕುಬಿಟ್ಟೆ.

ಅನಘಾ ನಗಲಿಲ್ಲ. “ಅಪ್ಪಾ, ದಟ್ಸ್ ಮೈ ಹೋಲ್ ಆರ್ಗ್ಯುಮೆಂಟ್,” ಎಂದಷ್ಟೇ ಹೇಳಿ ಲ್ಯಾಪ್‌ಟಾಪ್ ಮುಚ್ಚಿ ಮೇಲೆ ಹೋದಳು. ನನ್ನ ಹೆಂಡತಿ ಸುಧಾ ಸಾರಿನ ಸೌಟನ್ನು ಅಲ್ಲೇ ಬಿಟ್ಟು ನನ್ನತ್ತ ತಿರುಗಿದಳು: “ಬಾಯಿ ಮುಚ್ಕೊಂಡು ಉಣ್ಣಲಿಕ್ಕೆ ಏನಾಗಿತ್ರೀ ನಿಮಗ? ಪಾಪ, ಹುಡುಗಿ ಎಷ್ಟು ಹುರುಪಿನಿಂದ ತೋರಸ್ಲಿಕತ್ತಿತ್ತು!” ನಿಜ ಹೇಳಿದ್ದಕ್ಕೆ ಹರಿಶ್ಚಂದ್ರನಿಗಾದರೂ ಕೊನೆಗೆ ರಾಜ್ಯ ಮರಳಿ ಸಿಕ್ಕಿತು. ನನಗೆ ಅಂದು ತಿಳಿಸಾರೂ ಸರಿಯಾಗಿ ಸಿಗಲಿಲ್ಲ.

ಪರಿಹಾರ ಹೊಳೆದದ್ದು ಮರುದಿನ ಬೆಳಿಗ್ಗೆ, ಹಲ್ಲುಜ್ಜುವಾಗ. ಅಪ್ಪ ಬ್ಲಾಕು ಕೊಡುತ್ತಿದ್ದರು, ಕಾಗದ ಕೊಡುತ್ತಿದ್ದರು, ಆಳಿಗೆ ಜ್ವರ ಬಂದರೆ ಪಕ್ಕದ ಪ್ರೆಸ್ಸಿಗೆ ಹೋಗಿ ತಾವೇ ಮಷಿನ್ ತುಳಿದೂ ಬರುತ್ತಿದ್ದರು. ಆದರೆ ಮೊಳೆ, ಅಂದರೆ ಒಂದೊಂದಾಗಿ ಜೋಡಿಸುವ ಆ ಸೀಸದ ಅಕ್ಷರಗಳು, ಅವನ್ನು ಮಾತ್ರ ಯಾರಿಗೂ ಕೊಟ್ಟವರಲ್ಲ. ಒಂದು ಹಿಡಿ ಕೊಟ್ಟರೆ ಆ ಹಿಡಿಯೇ ತಿರುಗಿ ಬರುವುದಿಲ್ಲ, ಬಂದರೂ ಅಕ್ಷರಗಳನ್ನು ಬೇರೆಬೇರೆ ಇಡುವ ಖಾನೆಯೆಲ್ಲ ಕಲಬೆರಕೆ. ಪೇಸ್ಟಿನ ಬಾಯಲ್ಲೇ ಮಹಡಿ ಹತ್ತಿ ಬಾಗಿಲು ಬಡಿದೆ. ಚಿತ್ರ ಬಿಡು, ಮುರಿದ ಅಕ್ಷರ ಹುಡುಕು, ಅದೇ ಮೊಳೆ ಎರಡೂ ಪುಸ್ತಕಗಳಲ್ಲಿ ಸಿಕ್ಕರೆ ಪ್ರೆಸ್ಸೂ ಒಂದೇ ಎಂದೆ. ಬ್ಲಾಕಿಗಿಂತ ಮೊಳೆಯ ಸಾಕ್ಷ್ಯ ಗಟ್ಟಿಯೆಂದು ವಿದ್ವಾಂಸರೂ ಒಪ್ಪುತ್ತಾರಂತೆ. ಅವಳಿಗೂ ಅದು ಗೊತ್ತಿತ್ತು, ಆದರೆ ಹೂಕುಂಡದ ಚಂದಕ್ಕೆ ಮರುಳಾಗಿ ಅಕ್ಷರಗಳತ್ತ ಕಣ್ಣು ಹಾಯಿಸಿರಲಿಲ್ಲ.

ಮುಂದಿನ ವಾರ ನಾನೂ ಆಸ್ಟಿನ್ನಿಗೆ ಡ್ರೈವ್ ಮಾಡಿದೆ. ಗ್ರಂಥಾಲಯದ ಆ ಕೋಣೆಯಲ್ಲಿ ಪೆನ್ನು ನಿಷಿದ್ಧ, ನೀರು ನಿಷಿದ್ಧ, ನನ್ನಂಥವರಿಗೆ ಅತ್ಯಗತ್ಯವಾದ ಮಾತೂ ನಿಷಿದ್ಧ. ಮೆತ್ತನೆಯ ದಿಂಬಿನ ಮೇಲೆ ಮಲಗಿದ್ದ ಮದ್ದಿನ ಪುಸ್ತಕವನ್ನು ಅವಳು ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ನಾನು ಪ್ರಾರ್ಥನಾ ಪುಸ್ತಕದ ಛಾಯಾಚಿತ್ರಗಳನ್ನು ಪರದೆಯ ಮೇಲೆ ಸರಿಸುತ್ತಿದ್ದೆ. ನಾನು ಹಿಗ್ಗಿ ತೋರಿಸಿದ ಮೊದಲ ಮುಕ್ಕು ನನ್ನ ಕನ್ನಡಕದ ಗೀರೆಂದು ಸಾಬೀತಾಯಿತು, ಎರಡನೆಯದು ಮಸಿಯ ಕಲೆ. ಮೊದಲ ದಿನವೆಲ್ಲ ಹೀಗೇ ಕಳೆದು, ಅವಳ ಮುಖ ಸಣ್ಣದಾಗಿದ್ದನ್ನು ನೋಡಲಾರದೆ ನಾನು ಮತ್ತೆ ಮತ್ತೆ ಕನ್ನಡಕ ಒರೆಸಿದೆ.

ಎರಡನೆಯ ದಿನ ಮಧ್ಯಾಹ್ನ ತಲೆ ಮುಕ್ಕಾದ ಒಂದು ‘ಟಿ’ ಸಿಕ್ಕಿತು. ಅದರ ಬೆನ್ನಿಗೇ ಹೊಟ್ಟೆ ಸೀಳಿದ ‘ಬಿ’, ಆಮೇಲೆ ಕಾಲು ಸೊಟ್ಟಗಾದ ಒಂದು ‘ಎನ್’. ಆ ಮೂರು ಅಕ್ಷರಗಳೂ ಎರಡೂ ಪುಸ್ತಕಗಳಲ್ಲಿದ್ದವು. ಹಾಬಿನ್ನನ ಅದೇ ಕಾಲದ ಪುಸ್ತಕಗಳ ಚಿತ್ರಗಳನ್ನು ಜಾಲಾಡಿದರೂ ಒಂದೂ ಕಾಣಲಿಲ್ಲ. ಅನಘಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಮಾತು ನಿಷಿದ್ಧವಾದ ಆ ಕೋಣೆಯಲ್ಲಿ ನಾನು “ಅಯ್ಯೋ!” ಎಂದುಬಿಟ್ಟೆ. ಮೇಲ್ವಿಚಾರಕಿ ಕತ್ತೆತ್ತಿ ನೋಡಿದರು. ನಮ್ಮಿಬ್ಬರ ಮುಖ ಕಂಡು ಮತ್ತೆ ತಮ್ಮ ಕೆಲಸಕ್ಕೆ ಬಾಗಿದರು.

ಡಾಲಸ್ಸಿನ ಹೋಟೆಲಿನ ಸಭೆಯಲ್ಲಿ ಇಪ್ಪತ್ತು ಜನರಿದ್ದರೆ ಹೆಚ್ಚು. ಸುಧಾ ಮತ್ತು ನಾನು ಕೊನೆಯ ಸಾಲಿನಲ್ಲಿ ಕುಳಿತೆವು. ಮಾತು ಮುಗಿದೊಡನೆ ಬಿಳಿಗಡ್ಡದ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಆ ಹೂಕುಂಡವನ್ನು ಎರವಲು ತಂದಿರಬಹುದಲ್ಲವೇ ಎಂದು ಕೇಳಿದರು. ಅನಘಾ ಅಳುಕಲಿಲ್ಲ. ಖಂಡಿತ ತಂದಿರಬಹುದು, ನಮ್ಮಜ್ಜನ ಗಣಪತಿ ಮೂರು ಪ್ರೆಸ್ಸು ಸುತ್ತುತ್ತಿದ್ದ, ಆದ್ದರಿಂದಲೇ ನಾನು ಚಿತ್ರವನ್ನು ನಂಬಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಮುರಿದ ಮೂರು ಅಕ್ಷರಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದಳು. ಪ್ರಾಧ್ಯಾಪಕರು ಬಹಳ ಹೊತ್ತು ನೋಡಿ, ತಲೆದೂಗಿ, ಎಲನರ್ ಹ್ಯಾಲ್ಕಟ್ ಎಂದು ಆ ಹೆಸರನ್ನು ಪೂರ್ತಿಯಾಗಿ ಉಚ್ಚರಿಸಿ ಬರೆದುಕೊಂಡರು. “ಗೆದ್ದಳು ನೋಡ್ರಿ,” ಎಂದು ಸುಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಭೆ ಚದುರುವಾಗ ಅದೇ ಪ್ರಾಧ್ಯಾಪಕರು ನನ್ನ ಬಳಿ ಬಂದರು. ಪ್ರೆಸ್ಸಿನ ಸಂಗತಿಯನ್ನು ತಮ್ಮ ಲೇಖನದ ಅಡಿಟಿಪ್ಪಣಿಯಲ್ಲಿ ಬಳಸಿಕೊಳ್ಳಲು ಅನುಮತಿ ಕೇಳಿ, ನನ್ನ ಹೆಸರೇನೆಂದರು. ಹ್ಯೂಸ್ಟನ್ನಿನ ಆಫೀಸಿನಲ್ಲಿ ನಾಲಿಗೆ ತಿರುಗದವರಿಗೆ ಮೂವತ್ತು ವರ್ಷ ಹೇಳಿದ್ದನ್ನೇ ರೂಢಿಬಲದಿಂದ ಹೇಳಿದೆ: “ಎಂ. ವಿ.”

“ಪೂರ್ತಿ ಹೇಳಪ್ಪಾ,” ಎಂದಳು ಅನಘಾ, ಅಷ್ಟು ಜನರ ನಡುವೆ, ಅಚ್ಚ ಕನ್ನಡದಲ್ಲಿ.

ಮುಕುಂದ, ಎಂದೆ. ಅವರು ಬರೆದುಕೊಂಡು, ‘ವಿ’ ಎಂದರೇನೆಂದು ಕೇಳಿದರು. ಅದು ನಮ್ಮಪ್ಪನ ಹೆಸರು, ಬ್ಲಾಕು ಕೊಡುತ್ತಿದ್ದವರು ಅವರೇ ಎಂದೆ. ಅನಘಾ ಮುಂದೆ ಬಂದು, ಪ್ರಾಧ್ಯಾಪಕರ ಟಿಪ್ಪಣಿ ಪುಸ್ತಕದ ಮೇಲೆ ಬಾಗಿ, ವೆಂಕಪ್ಪ ಎಂದು ಒಂದೊಂದೇ ಅಕ್ಷರ ಹೇಳಿ ಬರೆಸಿದಳು.