ಕೇರಿಗೆಂದು ಕಟ್ಟಿದ ಶಾಲೆ

ಅರವತ್ತರ ದಶಕದ ಆರಂಭದಲ್ಲಿ ನಾನು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಿನ ಒಂದು ಸಣ್ಣ ಪಟ್ಟಣದ ಮುನಿಸಿಪಾಲಿಟಿಯಲ್ಲಿ ಓವರ್‌ಸಿಯರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ರಸ್ತೆ, ಚರಂಡಿ, ಶಾಲೆಗಳಿಗೆ ಎಸ್ಟಿಮೇಟ್, ಅಂದರೆ ಖರ್ಚಿನ ಅಂದಾಜು, ತಯಾರಿಸುವುದು ಮತ್ತು ಕೆಲಸದ ಅಳತೆ ತೆಗೆಯುವುದು ನನ್ನ ಹೊಣೆ.

ಆ ವರ್ಷದ ಬಜೆಟ್ಟಿನಲ್ಲಿ ಒಂದೇ ಒಂದು ಶಾಲಾ ಕೊಠಡಿಗೆ ಅವಕಾಶವಿತ್ತು. ಪೇಟೆಯ ಪ್ರೈಮರಿ ಶಾಲೆಯಲ್ಲಿ ಊರ ಹೊರಗಿನ ಕೇರಿಯ ಮಕ್ಕಳು ಜಗಲಿಯ ಮೇಲೆ ಕೂತು ಓದುತ್ತಿದ್ದರು. ಒಳಗೆ ಜಾಗವಿಲ್ಲ ಎಂಬುದು ಹೇಳುತ್ತಿದ್ದ ಕಾರಣ. ಹೊಸ ಕೊಠಡಿಯನ್ನು ಎಲ್ಲಿ ಕಟ್ಟಬೇಕೆಂಬುದೇ ಆ ಸಲದ ಮುನಿಸಿಪಲ್ ಚುನಾವಣೆಯ ಮಾತಾಯಿತು.

ಮುನಿಸಿಪಾಲಿಟಿಯ ಅಧ್ಯಕ್ಷರು ಅದನ್ನು ಕೇರಿಯಲ್ಲೇ ಕಟ್ಟಿಸುವುದಾಗಿ ಹೇಳಿದರು. ಬೇಡವೆಂದವನು ಕೇರಿಯ ಸಿದ್ದಯ್ಯ. ಹಾಸನದಲ್ಲಿ ಮಿಡ್ಲ್‌ಸ್ಕೂಲ್ ಓದಿ ಬಂದು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವನು ಚುನಾವಣೆಗೆ ಅಧ್ಯಕ್ಷರ ಎದುರೇ ನಿಂತಿದ್ದ.

"ಪೇಟೆ ಸ್ಕೂಲಿಗೇ ಸೇರ್ಸಿ ಕಟ್ರೆ ಒಂದು ಗ್ವಾಡೆ ಉಳೀತದೆ ಸಾ. ಬ್ಯಾರೆ ಮೇಷ್ಟ್ರೂ ಬ್ಯಾಡ" ಎಂದು ನನ್ನ ಮೇಜಿನ ಮುಂದೆ ನಿಂತು ಹೇಳಿದ. ಲೆಕ್ಕ ಸರಿಯಾಗಿತ್ತು. ಆಮೇಲೆ ದನಿ ತಗ್ಗಿಸಿದ. "ಕೇರೀಲಿ ಕಟ್ಬುಟ್ರೆ ನನ್ ಮಗ್ಳಿಗೆ ಆ ಜಗಲಿನೂ ಇಲ್ದಂಗಾಯ್ತದೆ."

ಟೀ ಅಂಗಡಿಯಲ್ಲಿ ಅವನನ್ನು ಕೆಣಕುತ್ತಿದ್ದರು. "ಏನ್ಲಾ ಸಿದ್ದ, ಮನೆ ಬಾಗ್ಲಿಗೆ ಬಂದ ಸ್ಕೂಲ ಒದ್ಬುಟ್ಟು ಓಟು ಕೇಳ್ತೀಯಲ್ಲ?"

"ಬಾಗ್ಲಿಗೆ ಬಂದಿರದು ಬೇಲಿ ಕಣಣ್ಣ" ಎಂದು ಅವನು ನಕ್ಕ.

ಮತದಾನಕ್ಕೆ ಮೊದಲೇ ಕೇರಿಯಲ್ಲಿ ಶಂಕುಸ್ಥಾಪನೆ ಮಾಡಿದರು. ಪಾಯದ ಗುರುತಿಗೆ ದಾರ ಕಟ್ಟಿಸುತ್ತ ನಾನು ಅಲ್ಲಿದ್ದೆ. ಅಧ್ಯಕ್ಷರು ಕೇರಿಯ ಯಜಮಾನ ಕೆಂಚಯ್ಯನನ್ನು ಕರೆದು, ವೀಳ್ಯದ ತಟ್ಟೆಯನ್ನು ಅವನ ಕೈಗೇ ಕೊಟ್ಟರು. ಕೆಂಚಯ್ಯ ಸಿದ್ದಯ್ಯನ ತಂದೆ. ಅಲ್ಲಿಯವರೆಗೆ ಊರಿನವರು ಕೇರಿಯವರಿಗೆ ವೀಳ್ಯವನ್ನು ನೆಲದ ಮೇಲಿಡುತ್ತಿದ್ದರು. ಅವರು ಬಗ್ಗಿ ಎತ್ತಿಕೊಳ್ಳುತ್ತಿದ್ದರು. ವೀಳ್ಯ ಹಿಡಿದವನು ಮಾತು ಕೊಟ್ಟಂತೆ ಎಂಬುದು ಆ ಸೀಮೆಯ ಕಟ್ಟು. ಓಟಿನ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

"ಅಪ್ಪಾ, ತಕಬ್ಯಾಡ" ಎಂದ ಸಿದ್ದಯ್ಯ.

ಮುದುಕ ಆಗಲೇ ತಟ್ಟೆಯನ್ನು ಕಣ್ಣಿಗೊತ್ತಿಕೊಂಡಿದ್ದ. "ಉಟ್ಟಿದಾಗಿಂದ ನೆಲದಿಂದ ಎತ್ಕಂಡಿವ್ನಿ ಕಣ್ಲಾ. ಇವತ್ತು ಕೈಗೆ ಕೊಟ್ಟವ್ರೆ. ಎಂಗ್ಲಾ ಬ್ಯಾಡ ಅನ್ಲಿ?"

ಕೇರಿ ಯಜಮಾನನ ಹಿಂದೆ ಹೋಯಿತು. ಓಟು ಹಾಕಿ ಹೊರಬಂದ ಕೆಂಚಯ್ಯ, ಮತಗಟ್ಟೆಯಿಂದಾಚೆ ಬೇವಿನ ಮರದ ಕೆಳಗೆ ನಿಂತಿದ್ದ ಮಗನ ಬಳಿಗೆ ಹೋಗಿ, "ನಿಂಗಾಕ್ಲಿಲ್ಲ ಮಗ" ಎಂದ. ಸಿದ್ದಯ್ಯ ತಲೆಯಾಡಿಸಿದ. ಅವನು ಸೋತ.

ಕಟ್ಟಡ ಚೆನ್ನಾಗಿಯೇ ಆಯಿತು. ಕಲ್ಲಿನ ಪಾಯ, ಮಂಗಳೂರು ಹೆಂಚು. ಇಂದಿಗೂ ಅದರ ಕೆಲಸದಲ್ಲಿ ತಪ್ಪು ಹೇಳಲಾರೆ. ಮುಂಗಾರಿನಲ್ಲಿ ಶಾಲೆ ತೆರೆಯಿತು. ಪೇಟೆ ಶಾಲೆಯ ಜಗಲಿಗೆ ಗೋಡೆ ಎಬ್ಬಿಸಿ ಆಫೀಸು ಕೋಣೆ ಮಾಡಬೇಕೆಂದು ನನಗೆ ಆದೇಶ ಬಂತು. ಅಳತೆ ಹಿಡಿಯುತ್ತಿದ್ದಾಗ ಕೆಂಚಯ್ಯ ಮೊಮ್ಮಗಳು ಪುಟ್ಟಿಯ ಕೈಹಿಡಿದು ಬಂದ. ಸಿದ್ದಯ್ಯ ಬಂದಿರಲಿಲ್ಲ.

ಹೆಡ್‌ಮಾಸ್ಟರು ಎದ್ದು ನಿಂತೇ ಮಾತಾಡಿದರು. "ಯಜಮಾನ್ರೇ, ನಿಮಗೇ ಅಂತ ಕಟ್ಟಿಸಿದ್ದಾರಲ್ಲ. ಅಲ್ಲಿಗೆ ಕಳಿಸಿ." ಆ ಮಾತಿನಲ್ಲಿ ಒರಟುತನವಿರಲಿಲ್ಲ.

"ತಾತ, ಒಳಕ್ಕೋಗನಾ?" ಎಂದು ಮಗು ಕೇಳಿತು.

ಮುದುಕ ನನ್ನ ಕಡೆ ತಿರುಗಿದ. "ಬುದ್ದಿ, ನೀವಾರೂ ಯೋಳಿ." ಮಗುವನ್ನು ಇಲ್ಲೇ ಉಳಿಸಿಕೊಳ್ಳಿ ಎಂದು ನಾನು ಹೇಳಿದೆ. ಹೆಡ್‌ಮಾಸ್ಟರು ಜಗಲಿ ಮುಚ್ಚುವ ಆ ಆದೇಶದ ಕಾಗದವನ್ನೇ ತೋರಿಸಿದರು. ಕೆಂಚಯ್ಯ ಮೊಮ್ಮಗಳ ಕೈಹಿಡಿದು ಮೆಟ್ಟಿಲಿಳಿದು ಕೇರಿಯ ಕಡೆ ನಡೆದ.

ಮುಂದೆ ಚನ್ನರಾಯಪಟ್ಟಣದಲ್ಲೂ ಹಾಸನದಲ್ಲೂ ಅನೇಕ ಶಾಲೆಗಳಿಗೆ ಎಸ್ಟಿಮೇಟ್ ಮಾಡಿದೆ. ಕಟ್ಟಡ ಎದ್ದರೆ ಯಾರು ಒಳಗೆ ಬರುತ್ತಾರೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದರ ನೆಪದಲ್ಲಿ ಯಾರನ್ನು ಎಲ್ಲಿಂದ ಎಬ್ಬಿಸುತ್ತಾರೆ ಎಂಬುದನ್ನು ನಾವೇ ಹೋಗಿ ವಿಚಾರಿಸಬೇಕು. ನಕ್ಷೆಗೆ ಕೈಹಾಕುವ ಮೊದಲು ವಿಚಾರಿಸುವುದನ್ನು ರೂಢಿ ಮಾಡಿಕೊಂಡೆ. ಕೆಲವು ಊರುಗಳಲ್ಲಿ ಅದರಿಂದ ಉಪಯೋಗವಾಯಿತು.

ಪುಟ್ಟಿ ನಾಲ್ಕನೆಯ ತರಗತಿಗೆ ಓದು ಬಿಟ್ಟಳೆಂದು ಆಮೇಲೆ ತಿಳಿಯಿತು. ಕೇರಿಯ ಶಾಲೆಯಲ್ಲಿ ತರಗತಿಗಳಿದ್ದದ್ದು ಅಷ್ಟಕ್ಕೇ.