ಕೋಡಿ ಬಿದ್ದ ಪಾಠ

ಗೆಳೆಯರೇ, ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸಿಗೆ ಇವತ್ತು ಮನೆಯಲ್ಲೇ ಪ್ರವಾಹದ ಪಾಠ ರೆಕಾರ್ಡ್ ಮಾಡುತ್ತಿದ್ದೆ. "ಕೆರೆ ಕೋಡಿ ಬಿದ್ದರೆ ಅಪಾಯ ಶುರುವಾಯಿತೆಂದೇ ಅರ್ಥ" ಎಂದು ಗಂಭೀರವಾಗಿ ಹೇಳಿದ್ದೇ ತಡ, ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹಾಗಲವಾಡಿಯ ನಮ್ಮತ್ತೆ ಸೀದಾ ಕ್ಯಾಮೆರಾ ಮುಂದೆ ಬಂದರು.

"ಬುಡ್ತು ಅನ್ನು! ಕೋಡಿ ಬಿದ್ರೆ ಬಾಗಿನ ಕೊಡ್ತಾರೆ ಕಣೇ, ಹೆದರ್ತಾರಾ?"

"ಮತ್ತೆ ಯಾವಾಗ ಹೆದರ್ಬೇಕು ಅತ್ತೆ?"

"ಏರಿ ಹಿಂದ್ಗಡೆ ಕೆಸರು ನೀರು ಜಿನುಗ್ದಾಗ. ಮಳೆಗಾಲ್ದಲ್ಲಿ ನಮ್ಮಪ್ಪ ದಿನಾ ಬರಿಗಾಲಲ್ಲಿ ಏರಿ ಉದ್ದಕ್ಕೂ ನಡೆದು ತೇವ ನೋಡೋನು. ಕೈ ಹಿಡ್ಕೊಂಡು ನಾನೂ ಹೋಗ್ತಿದ್ದೆ."

ಹೇಳುತ್ತಾ ಅವರ ದನಿ ಸಣ್ಣಗಾಯಿತು. ನಾನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ಅತ್ತೆ ಕಣ್ಣೊರೆಸಿಕೊಂಡು, "ಬುಡ್ತು ಅಂದ್ಯಾ?" ಎಂದರು.

ಅಂದೆ. ಅದೂ ರೆಕಾರ್ಡ್ ಆಗಿದೆ. ವಿಪತ್ತು ನಿರ್ವಹಣೆಯ ನನ್ನ ಪಾಠ ಈಗ "ಬಿಡ್ತು" ಎಂದೇ ಮುಗಿಯುತ್ತದೆ.